ಪ್ರಾಣ ಕೊಟ್ಟ ದೊರೆಗಳು, ಬಣ್ಣ ಕೊಟ್ಟ ಕೈಗಳು

ದೊರೆಯ ಮೈತೂಕದಷ್ಟು ಚಿನ್ನ ಹೇಗೋ ಕೂಡಿತ್ತು. ತಲೆಯ ತೂಕದ್ದು ಮಾತ್ರ ಬಾಕಿ ಉಳಿದಿತ್ತು. ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಯೇಶೆ ಓ ಎಂಬ ಮುದಿ ದೊರೆ ಗಾರ್ಲೋಗ್ ಎಂಬ ಶತ್ರುಗಳ ಸೆರೆಯಲ್ಲಿದ್ದ. ಒಂದೋ ನಿನ್ನ ಧರ್ಮ ಬಿಡು, ಇಲ್ಲವೇ ನಿನ್ನ ತೂಕದ ಚಿನ್ನ ತರಿಸು ಎಂಬುದು ಅವರ ಕರಾರು. ಅದೇ ವಂಶದ ಕುಡಿ ಜಂಗ್‌ಚುಪ್ ಓ ಊರೂರು ತಿರುಗಿ ಚಿನ್ನ ಕೂಡಿಸಿಕೊಂಡು ಸೆರೆಮನೆಯ ಬಾಗಿಲಿಗೆ ಬಂದ. ಇನ್ನು ತಲೆಯಷ್ಟು ಬೇಕು, ಅದನ್ನೂ ತರುತ್ತೇನೆ, ತಡೆದುಕೋ ಎಂದ. ದೊರೆ ಒಪ್ಪಲಿಲ್ಲ. ನನಗೆ ವಯಸ್ಸಾಗಿದೆ, ಬಿಡಿಸಿಕೊಂಡು ಹೋದರೂ ಇನ್ನೆಷ್ಟು ವರ್ಷ ಬಾಳಿಯೇನು, ಈ ಚಿನ್ನದಲ್ಲಿ ಒಂದು ಚೂರನ್ನೂ ಇವರಿಗೆ ಕೊಡಬೇಡ, ಅದನ್ನು ಹಿಡಿದು ಭಾರತಕ್ಕೆ ಹೋಗು, ವಿಕ್ರಮಶಿಲೆ ವಿಹಾರದಿಂದ ಗುರು ಅತೀಶನನ್ನು ಕರೆದು ತಾ ಎಂದು ಹೇಳಿ ಕಳಿಸಿದ. ತಾನು ಸೆರೆಯಲ್ಲೇ ಪ್ರಾಣ ಬಿಟ್ಟ.

ಈ ಕಥೆ ಉತ್ತರ ಕನ್ನಡದ ಮುಂಡಗೋಡಿಗೆ ಸೇರಿದ್ದು ಎಂದರೆ ಆಶ್ಚರ್ಯವಾಗಬಹುದು. 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಶುರುವಾಯಿತು. ಪಶ್ಚಿಮ ಬಂಗಾಳದ ಬಕ್ಸಾ ಶಿಬಿರದಲ್ಲಿ ವರ್ಷಗಟ್ಟಲೆ ಕಷ್ಟಪಟ್ಟ ಭಿಕ್ಷುಗಳು 1969ರ ಹೊತ್ತಿಗೆ ಇಲ್ಲಿಗೆ ಬಂದು, ಕಾಡು ಕಡಿದು, ಗೋವಿನಜೋಳ ಬಿತ್ತಿ, ತಮ್ಮ ಎರಡು ಮಹಾವಿಹಾರಗಳನ್ನು ಮತ್ತೆ ಕಟ್ಟಿದರು. ಒಂದು 1409ರಲ್ಲಿ ತ್ಸೋಂಗ್‌ಖಾಪ ಸ್ಥಾಪಿಸಿದ ಗಾದೆನ್, ಇನ್ನೊಂದು 1416ರ ಡ್ರೆಪುಂಗ್. ತ್ಸೋಂಗ್‌ಖಾಪನ ದೊಡ್ಡ ಗ್ರಂಥ ಲಾಮ್ರಿಮ್ ಛೆನ್ಮೊ ನಿಂತಿರುವುದು ಅತೀಶ ಬರೆದ ಬೋಧಿಪಥಪ್ರದೀಪ ಎಂಬ ಚಿಕ್ಕ ಪುಸ್ತಕದ ಮೇಲೆ. ಅತೀಶ ಅದನ್ನು ಬರೆದದ್ದು ಗುಗೆಗೆ ಬಂದ ಮೇಲೆ, ಅದೇ ಜಂಗ್‌ಚುಪ್ ಓ ಕೇಳಿಕೊಂಡಿದ್ದಕ್ಕೆ. ಅಲ್ಲಿಗೆ ಸರಪಳಿ ಪೂರ್ತಿಯಾಯಿತು. ಆ ದೊರೆ ಚಿನ್ನ ಕೊಟ್ಟು ಬಿಡಿಸಿಕೊಂಡಿದ್ದರೆ ಅತೀಶ ಬರುತ್ತಿರಲಿಲ್ಲ, ಆ ಪುಸ್ತಕ ಹುಟ್ಟುತ್ತಿರಲಿಲ್ಲ, ಇಂದು ಮುಂಡಗೋಡಿನ ವಿಹಾರಗಳಲ್ಲಿ ಸಾವಿರಾರು ಭಿಕ್ಷುಗಳು ಓದುವ ಓದೂ ಇರುತ್ತಿರಲಿಲ್ಲ ಎಂಬುದು ಪರಂಪರೆಯ ನಂಬಿಕೆ. 2012ರ ಕೊನೆಯಲ್ಲಿ ದಲಾಯಿ ಲಾಮಾ ಲಾಮ್ರಿಮ್ ಗ್ರಂಥಗಳ ಮೇಲಿನ ಪ್ರವಚನಮಾಲೆಯನ್ನು ಶುರುಮಾಡಿದ್ದೂ ಮುಂಡಗೋಡಿನಲ್ಲೇ. ಲಾಮ್ರಿಮ್ ಪಾಠ ಎತ್ತಿಕೊಂಡಾಗ ಮೊದಲು ಅತೀಶನ ಹಿರಿಮೆ ಹೇಳಬೇಕು. ಅತೀಶನ ಕಥೆ ಹೇಳುವಾಗ ಸೆರೆಯಲ್ಲಿ ಸತ್ತ ಈ ದೊರೆಯನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಧರ್ಮಕ್ಕಾಗಿ ಪ್ರಾಣ ಕೊಟ್ಟ ರಾಜ ಎಂಬ ಚಿತ್ರ ಜಗತ್ತಿನ ಹಲವು ಕಡೆ ಇದೆ. ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡು ಸೀಮೆಯಲ್ಲಿ ಅದರ ಎರಡು ಮೂರು ಬಗೆಗಳು ಎರಡು ತಾಸಿನ ದಾರಿಯೊಳಗೆ ಒಟ್ಟಿಗೆ ಸಿಗುತ್ತವೆ. ಹಾಗೆ ಸಿಗುವುದರಿಂದಲೇ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ಸಾಧ್ಯ. ನೋಡಿದಾಗ ನನಗೆ ಕಂಡದ್ದು ಇಷ್ಟು: ಸತ್ತ ದೊರೆಯನ್ನು ಸಂತನನ್ನಾಗಿ ಮಾಡುವುದು ಅವನ ಮುಖವಲ್ಲ, ಚಿತ್ರಗಾರ ಆರಿಸಿಕೊಳ್ಳುವ ಗಳಿಗೆ. ಕೊಟ್ಟ ಗಳಿಗೆಯನ್ನು ಬರೆಯಬೇಕೋ, ಕೊಂದ ಗಳಿಗೆಯನ್ನು ಬರೆಯಬೇಕೋ? ಉತ್ತರ ಯಾವುದೆಂಬುದರ ಮೇಲೆ ಆ ಚಿತ್ರ ನೋಡುವವರನ್ನು ಯಾವ ಕಡೆ ಒಯ್ಯುತ್ತದೆ ಎಂಬುದು ನಿಲ್ಲುತ್ತದೆ.

ಯೇಶೆ ಓನನ್ನೇ ನೋಡಿ. ಅವನ ಹಳೆಯ ಚಿತ್ರವೊಂದು ಇಂದಿಗೂ ಉಳಿದಿದೆ. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ 996ರಲ್ಲಿ ಸ್ಥಾಪನೆಯಾಯಿತೆಂದು ಹೇಳುವ ತಾಬೊ ವಿಹಾರದ ಪ್ರವೇಶ ಕೋಣೆಯ ಗೋಡೆಯ ಮೇಲೆ ಅವನನ್ನು ಬರೆದಿದ್ದಾರೆ. ಸುತ್ತ ಕುಳಿತವರಿಗಿಂತ ಅವನ ಆಕೃತಿ ದೊಡ್ಡದು. ಹೆಸರು ಅಲ್ಲೇ ಬರೆದಿದೆ. ಜೊತೆಗೆ ಭಿಕ್ಷುಗಳಾದ ಅವನ ಇಬ್ಬರು ಮಕ್ಕಳು, ನಾಗರಾಜ ಮತ್ತು ದೇವರಾಜ. ಗೋಡೆ ಮಣ್ಣಿನದು, ಬಣ್ಣ ಅಲ್ಲಲ್ಲಿ ಉದುರಿದೆ. ಸಾವಿರ ವರ್ಷದ ಹಿಂದಿನ ದೊರೆಯೊಬ್ಬನ ಹೆಸರುಳ್ಳ ಚಿತ್ರ ನಮ್ಮ ದೇಶದೊಳಗೆ ಹೀಗೆ ಉಳಿದಿರುವುದೇ ಒಂದು ಭಾಗ್ಯ. ಆದರೆ ಆ ಚಿತ್ರದಲ್ಲಿ ಸೆರೆಮನೆಯೂ ಇಲ್ಲ, ಚಿನ್ನವೂ ಇಲ್ಲ. ವಿಹಾರ ಕಟ್ಟಿಸಿದ ದಾನಿ ತನ್ನ ಮಕ್ಕಳೊಡನೆ, ಭಿಕ್ಷುಗಳ ನಡುವೆ ಕುಳಿತಿದ್ದಾನೆ, ಅಷ್ಟೆ. ಬಲಿದಾನದ ಕಥೆ ಆಮೇಲಿನ ತಲೆಮಾರುಗಳು ಅವನಿಗೆ ಕೂಡಿಸಿದ್ದು. ಹಳೆಯ ವೃತ್ತಾಂತಗಳನ್ನು ತಾಳೆ ಹಾಕಿದ ವಿದ್ವಾಂಸರು, ಯೇಶೆ ಓ ಥೋಲಿಂಗ್ ವಿಹಾರದಲ್ಲಿ ಕಾಯಿಲೆಯಿಂದ ತೀರಿಕೊಂಡ, ಗಾರ್ಲೋಗರ ಕೈಗೆ ಸಿಕ್ಕವನು ಅದೇ ಮನೆತನದ ಮುಂದಿನ ದೊರೆ ಓದೆ ಎಂದು ಹೇಳುತ್ತಾರೆ. ಇಬ್ಬರ ಬಾಳು ಜನರ ನೆನಪಿನಲ್ಲಿ ಒಂದಾಗಿ ಬೆರೆತಿದೆ.

ಇದನ್ನು ಕೇಳಿ ಕಥೆ ಸುಳ್ಳಾಯಿತು ಎಂದುಕೊಳ್ಳಬೇಕಿಲ್ಲ. ದೊರೆತನವನ್ನು ಬಿಟ್ಟು ಭಿಕ್ಷುವಾದದ್ದು, 21 ಹುಡುಗರನ್ನು ಆರಿಸಿ ಕಾಶ್ಮೀರಕ್ಕೆ ಓದಲು ಕಳಿಸಿದ್ದು, ಅವರಲ್ಲಿ ಬಹುಪಾಲು ಹುಡುಗರು ಸೆಕೆ, ಜ್ವರಗಳಿಗೆ ದಾರಿಯಲ್ಲೇ ಸತ್ತು ರಿಂಚೆನ್ ಝಾಂಗ್‌ಪೊನಂಥ ಒಬ್ಬಿಬ್ಬರು ಮಾತ್ರ ಮರಳಿ ಬಂದದ್ದು, ಇವೆಲ್ಲ ಯೇಶೆ ಓನ ಹೆಸರಿಗೇ ಸೇರಿದ ಸಂಗತಿಗಳು. ಬದುಕಿಡೀ ಕೊಡುತ್ತಲೇ ಇದ್ದವನಿಗೆ ಜನ ಒಂದು ಕೊನೆಯ ಕೊಡುಗೆಯನ್ನೂ ಕೊಟ್ಟರು. ಅತೀಶ ಗುಗೆಗೆ ಬಂದದ್ದು 1042ರಲ್ಲಿ, ಅರವತ್ತರ ವಯಸ್ಸಿನಲ್ಲಿ. ಮತ್ತೆ ತಾಯ್ನಾಡಿಗೆ ಮರಳಲಿಲ್ಲ, 1054ರಲ್ಲಿ ಟಿಬೆಟ್ಟಿನಲ್ಲೇ ತೀರಿಕೊಂಡ. ಕೊಡುವ ಕಥೆ ಅವನಲ್ಲಿಯೂ ಮುಂದುವರಿಯಿತು.

ಟಿಬೆಟನ್ ಬಟ್ಟೆಚಿತ್ರ, ಅಂದರೆ ಥಾಂಗ್ಕಾ ಬರೆಯುವ ಕ್ರಮ ಗೊತ್ತಿದ್ದರೆ ಈ ಸ್ವಭಾವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಕಟ್ಟುತ್ತಾರೆ. ಸೀಮೆಸುಣ್ಣದ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿದ ಮೇಲೆ ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ ಕಾಗದದ ಹಾಗೆ ಮಾಡುತ್ತಾರೆ. ಆಮೇಲೆ ಅಳತೆಯ ಗೆರೆಗಳು. ಬುದ್ಧನ ಮುಖ ಎಷ್ಟು ಅಳತೆ, ಭುಜ ಎಷ್ಟು, ಮಡಿಚಿದ ಕಾಲು ಎಷ್ಟು ಎಂಬುದೆಲ್ಲ ಶಾಸ್ತ್ರದಲ್ಲೇ ಇದೆ; ಚಿತ್ರಗಾರನ ಇಷ್ಟಕ್ಕೆ ಬಿಟ್ಟದ್ದಲ್ಲ. ಮೊದಲು ಆಕಾಶ, ಗುಡ್ಡ, ನೀರು, ನಂತರ ಉಡುಪು, ಚಿನ್ನದ ಗೆರೆ ಕೊನೆಯ ಹಂತದ ಕೆಲಸ, ಎಲ್ಲ ಮುಗಿದ ಮೇಲೆ ಕಣ್ಣು. ಕಣ್ಣು ತೆರೆಸಿದ ಬಳಿಕ ಹಿಂಬದಿಯಲ್ಲಿ ಓಂ, ಆಃ, ಹೂಂ ಎಂಬ ಮೂರು ಬೀಜಾಕ್ಷರ ಬರೆದು ಪ್ರಾಣಪ್ರತಿಷ್ಠೆ. ಇಂಥ ಕಟ್ಟುನಿಟ್ಟಿನ ಅಳತೆಯೊಳಗೆ ನೋವಿನಿಂದ ಮುಲುಗುವ ಮುಖಕ್ಕೆ ಜಾಗ ಸಿಗುವುದು ಕಷ್ಟ. ಗುರುಗಳೂ ದೊರೆಗಳೂ ಇಲ್ಲಿ ಶಾಂತ ಮುಖದವರೇ. ಬಾಳಿನಲ್ಲಿ ಏನಾಯಿತು ಎಂಬುದಕ್ಕಿಂತ, ಆ ಬಾಳು ಕೊನೆಗೆ ಏನಾಗಿ ನಿಂತಿತು ಎಂಬುದನ್ನು ಥಾಂಗ್ಕಾ ಬರೆಯುತ್ತದೆ.

ಇದೇ ವಂಶದಲ್ಲಿ ಇದಕ್ಕೆ ತದ್ವಿರುದ್ಧದ ಕಥೆಯೂ ಇದೆ, ಅದನ್ನು ಬಿಡುವಂತಿಲ್ಲ. ಯೇಶೆ ಓನ ಪೂರ್ವಜ ಲಾಂಗ್‌ದರ್ಮ ಬೌದ್ಧಧರ್ಮವನ್ನು ತುಳಿದ ದೊರೆ ಎಂದು ಪರಂಪರೆ ಹೇಳುತ್ತದೆ. 842ರಲ್ಲಿ ಅವನನ್ನು ಬಾಣ ಬಿಟ್ಟು ಕೊಂದವನು ಒಬ್ಬ ಭಿಕ್ಷು, ಲ್ಹಾಲುಂಗ್ ಪೆಲ್ಗಿ ದೋರ್ಜೆ. ಹೊರಗೆ ಕಪ್ಪು, ಒಳಗೆ ಬಿಳಿಯ ಅಂಗಿ ತೊಟ್ಟು, ಬಿಳಿ ಕುದುರೆಗೆ ಮಸಿ ಬಳಿದುಕೊಂಡು ಬಂದನಂತೆ. ಕೊಂದ ಮೇಲೆ ಹೊಳೆ ದಾಟುವಾಗ ಮಸಿ ತೊಳೆದುಹೋಯಿತು, ಅಂಗಿಯನ್ನು ತಿರುವಿ ಹಾಕಿಕೊಂಡು ಬಿಳಿ ಸವಾರನಾಗಿ ಪಾರಾದ. ಟಿಬೆಟನ್ ವಿಹಾರಗಳ ಛಾಮ್ ಕುಣಿತದಲ್ಲಿ ಬರುವ ಕಪ್ಪು ಟೋಪಿಯ ವೇಷಕ್ಕೆ ಈ ಕಥೆಯನ್ನು ಹೊಂದಿಸಿ ಹೇಳುತ್ತಾರೆ. ಕೊಲೆಯಾದ ದೊರೆ ಇಲ್ಲಿ ಸಂತನಾಗಲಿಲ್ಲ, ಕೊಂದವನ ನೆನಪಿಗೆ ಕುಣಿತ ಬಂತು. ಆ ಮನೆತನದ ಮೇಲಿದ್ದ ಕಳಂಕವನ್ನು ಕೆಲವೇ ತಲೆಮಾರುಗಳ ನಂತರ ಯೇಶೆ ಓ ತೊಳೆದ ಎಂದೂ ಈ ಬಲಿದಾನದ ಕಥೆಯನ್ನು ಓದಬಹುದು. ರಾಜ ಸತ್ತದ್ದರಿಂದಲೇ ಹುತಾತ್ಮನಾಗುವುದಿಲ್ಲ. ಯಾರು ಉಳಿದರು, ಅವರಿಗೆ ಯಾವ ನೆನಪು ಬೇಕಾಗಿತ್ತು ಎಂಬುದು ಅದನ್ನು ತೀರ್ಮಾನಿಸುತ್ತದೆ.

ಹೀಗೆ ಬೇಕಾದ ನೆನಪನ್ನು ಅತಿ ಬೇಗ, ಅತಿ ಜಾಣತನದಿಂದ ಕಟ್ಟಿದ್ದು ಇಂಗ್ಲೆಂಡಿನಲ್ಲಿ. 1649ರ ಜನವರಿ 30ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯ ಬ್ಯಾಂಕ್ವೆಟಿಂಗ್ ಹೌಸ್ ಎದುರು ಒಂದನೆಯ ಚಾರ್ಲ್ಸ್ ದೊರೆಯ ತಲೆ ಕಡಿದರು. ಆ ದಿನ ಮೈ ಕೊರೆಯುವ ಚಳಿ. ನಡುಗಿದರೆ ಹೆದರಿದ್ದಾನೆ ಅಂದುಕೊಂಡಾರು ಎಂದು ಅವನು ಎರಡು ಅಂಗಿ ತೊಟ್ಟು ಬಂದಿದ್ದ. ಕೊಡಲಿ ಬಿದ್ದ ಮೇಲೆ ಜನ ನುಗ್ಗಿ ಕರವಸ್ತ್ರಗಳನ್ನು ಅವನ ರಕ್ತದಲ್ಲಿ ಅದ್ದಿಕೊಂಡರು. ಮಣ್ಣು ಆರುವ ಮೊದಲೇ ಒಂದು ಪುಸ್ತಕ ಬಂತು, ಐಕಾನ್ ಬೆಸಿಲಿಕೆ. ದೊರೆಯೇ ಸೆರೆಯಲ್ಲಿ ಬರೆದ ಪ್ರಾರ್ಥನೆಗಳು ಎಂದು ಹೇಳಿಕೊಂಡ ಆ ಪುಸ್ತಕ ಒಂದೇ ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು. ಬರಹಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದರ ಮೊದಲ ಪುಟದ ಚಿತ್ರ. ವಿಲಿಯಂ ಮಾರ್ಶಲ್ ಎಂಬ ಕೆತ್ತನೆಗಾರ ಮಾಡಿದ್ದು.

ಆ ಚಿತ್ರದಲ್ಲಿ ದೊರೆ ಮೇಜಿನ ಮುಂದೆ ಮಂಡಿಯೂರಿದ್ದಾನೆ. ಅವನ ಬಂಗಾರದ ಕಿರೀಟ ನೆಲದ ಮೇಲೆ, ಕಾಲಿನ ಬಳಿ ಬಿದ್ದಿದೆ. ಕೈಯಲ್ಲಿ ಹಿಡಿದದ್ದು ಮುಳ್ಳಿನ ಕಿರೀಟ, ಕ್ರಿಸ್ತನ ತಲೆಗೆ ಇಟ್ಟಂಥದ್ದು. ಕಣ್ಣು ಮೇಲಕ್ಕೆ, ಅಲ್ಲಿ ಸ್ವರ್ಗದ ಕಿರೀಟ ಹೊಳೆಯುತ್ತಿದೆ. ಕಿಟಕಿಯ ಆಚೆ ಭಾರ ಕಟ್ಟಿದ ತಾಳೆಮರ, ಎಷ್ಟು ಭಾರ ಹೇರಿದರೆ ಅಷ್ಟೂ ಎತ್ತರ ಬೆಳೆಯುವ ಮರ ಎಂಬ ಭಾವ. ಬಿರುಗಾಳಿಗೆ ಅಲುಗದ ಬಂಡೆ. ಕೊಡಲಿ ಮಾತ್ರ ಎಲ್ಲಿಯೂ ಇಲ್ಲ. ತೆರಿಗೆ, ಪಾರ್ಲಿಮೆಂಟು, ಎರಡು ಸಲ ನಡೆದ ಅಂತರ್ಯುದ್ಧ, ಅದರಲ್ಲಿ ಸತ್ತ ಸಾಮಾನ್ಯ ಜನ, ಯಾವುದೂ ಆ ಕೋಣೆಯೊಳಗೆ ಬಂದಿಲ್ಲ. ಅದೇ ಹೊತ್ತಿನ ಇನ್ನೊಂದು ಚಿತ್ರ ಇದೆ: ಎಡ್ವರ್ಡ್ ಬೋವರ್ ಬರೆದ, ವಿಚಾರಣೆಗೆ ಕುಳಿತ ಚಾರ್ಲ್ಸ್. ಕಪ್ಪು ಬಟ್ಟೆ, ಎತ್ತರದ ಟೋಪಿ, ಬಳಲಿದ ಮುಖ. ಮನುಷ್ಯನನ್ನು ಹತ್ತಿರದಿಂದ ನೋಡಬೇಕೆಂದವರಿಗೆ ಈ ಚಿತ್ರವೇ ಬೇಕು. ಆದರೆ ಮನೆಮನೆಗೆ ಹೋದದ್ದು ಮಂಡಿಯೂರಿದ ಸಂತ. ಕವಿ ಮಿಲ್ಟನ್ ಅದೇ ವರ್ಷ ಇದಕ್ಕೆ ಎದುರಾಗಿ ಒಂದು ಇಡೀ ಪುಸ್ತಕ ಬರೆದು ಆ ಮೂರ್ತಿಯನ್ನು ಒಡೆಯಲು ನೋಡಿದ, ಆಗಲಿಲ್ಲ. ರಾಜಮನೆತನ ಮರಳಿ ಬಂದ ಮೇಲೆ ಜನವರಿ 30 ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ಹುತಾತ್ಮನ ದಿನವಾಗಿ ಸೇರಿತು. ಅದನ್ನು ಅಲ್ಲಿಂದ ತೆಗೆದದ್ದು 1859ರಲ್ಲಿ.

ಈಗ ಹಳಿಯಾಳಕ್ಕೆ ಬರೋಣ. ಹಳಿಯಾಳ, ಜೋಯಿಡಾ ಕಡೆಯ ಮರಾಠ ಮನೆಗಳಲ್ಲಿ ಮನೆಮಾತು ಮರಾಠಿ ಅಥವಾ ಕೊಂಕಣಿ, ಶಾಲೆ ಮತ್ತು ಸಂತೆ ಕನ್ನಡ. ಪಡಸಾಲೆಯ ಗೋಡೆಯಲ್ಲಿ ಮೇಲೆ ವಿಠೋಬ, ಮನೆಯ ಹಿರಿಯರ ಫೋಟೊ, ಶಿವಾಜಿ. ಈಚೆಗೆ ಅವರ ಸಾಲಿನಲ್ಲಿ ಶಿವಾಜಿಯ ಮಗ ಸಂಭಾಜಿ. ಗಾಜಿನ ಮೇಲೆ ಕುಂಕುಮದ ಬೊಟ್ಟು. ಜಗತ್ತಿನಲ್ಲಿ ಎಲ್ಲಿಯೇ ಆಗಲಿ, ಮರಣದಂಡನೆಗೆ ಗುರಿಯಾದ ದೊರೆಯನ್ನು ಧರ್ಮದ ಹುತಾತ್ಮನಾಗಿ ಬರೆದ ಚಿತ್ರ ಎಂದರೆ ಇದಕ್ಕಿಂತ ನೇರವಾದ ಉದಾಹರಣೆ ಕಡಿಮೆ.

ನಡೆದದ್ದು ಹೀಗೆ. 1689ರ ಫೆಬ್ರವರಿಯಲ್ಲಿ ಕೊಂಕಣದ ಸಂಗಮೇಶ್ವರದಲ್ಲಿ ಸಂಭಾಜಿ ಮೊಗಲರ ಕೈಗೆ ಸಿಕ್ಕ. ಆಗ ಅವನಿಗೆ 31 ವರ್ಷ. ಜೊತೆಗೆ ಸಿಕ್ಕವನು ಗೆಳೆಯ ಕವಿ ಕಲಶ. ಇಬ್ಬರನ್ನೂ ಬಹಾದೂರ್‌ಗಡದ ಶಿಬಿರಕ್ಕೆ ಒಯ್ದು, ಕೋಡಂಗಿಗಳ ವೇಷ ಹಾಕಿಸಿ ಮೆರವಣಿಗೆ ಮಾಡಿದರು. ಕಣ್ಣು ಕಿತ್ತರು, ನಾಲಿಗೆ ಕತ್ತರಿಸಿದರು. ಮಾರ್ಚ್ 11ರಂದು ಭೀಮಾ ನದಿಯ ದಂಡೆಯಲ್ಲಿ ಕೊಂದರು. ಅದು ಫಾಲ್ಗುಣ ಅಮಾವಾಸ್ಯೆ, ಮರುದಿನ ಯುಗಾದಿ. ಔರಂಗಜೇಬ ಕೇಳಿದ್ದೇನು ಎಂಬುದರಲ್ಲಿ ಮೂಲಗಳು ಒಂದೇ ಮಾತು ಹೇಳುವುದಿಲ್ಲ. ಮತ ಬದಲಿಸು ಎಂಬ ಆಜ್ಞೆಗೆ ಸಂಭಾಜಿ ಬಗ್ಗಲಿಲ್ಲ ಎಂಬುದು ಮರಾಠಿ ಪರಂಪರೆ. ಖಜಾನೆ ಎಲ್ಲಿದೆ, ನಮ್ಮ ಸರದಾರರಲ್ಲಿ ನಿನಗೆ ಕಾಗದ ಬರೆಯುತ್ತಿದ್ದವರು ಯಾರು ಎಂದು ಕೇಳಿದ್ದನ್ನೂ, ಉತ್ತರವಾಗಿ ಸಂಭಾಜಿ ಬಾದಶಹನನ್ನು ಬಾಯಿಗೆ ಬಂದಂತೆ ಬೈದದ್ದನ್ನೂ ಮೊಗಲರ ಕಡೆಯ ಬರಹಗಾರರು ಹೇಳುತ್ತಾರೆ. ಬಗ್ಗಲಿಲ್ಲ ಎಂಬ ಒಂದು ಸಂಗತಿಯಲ್ಲಿ ಮಾತ್ರ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ನನಗೆ ಆ ಧೈರ್ಯದ ಮುಂದೆ ತಲೆ ತಗ್ಗುತ್ತದೆ.

ಸಂಭಾಜಿ ಧರ್ಮವೀರನೋ ಸ್ವರಾಜ್ಯ ರಕ್ಷಕನೋ ಎಂದು 2022ರ ಕೊನೆಯಲ್ಲಿ ಮಹಾರಾಷ್ಟ್ರದ ವಿಧಾನಸಭೆಯಲ್ಲಿ ಎದ್ದ ವಾದ ಬೀದಿಗೂ ಬಂತು. ಇಂಥ ಪ್ರಶ್ನೆಗೆ ರಷ್ಯದ ಚರ್ಚು ಬೇರೆಯೇ ಒಂದು ದಾರಿ ಹುಡುಕಿಕೊಂಡಿದೆ. 1918ರ ಜುಲೈ 17ರಂದು ಯೆಕತೆರಿನ್‌ಬರ್ಗ್‌ನ ನೆಲಮಾಳಿಗೆಯಲ್ಲಿ ಎರಡನೆಯ ನಿಕೊಲಸ್ ದೊರೆಯನ್ನೂ ಹೆಂಡತಿ ಮಕ್ಕಳನ್ನೂ ಗುಂಡಿಟ್ಟು ಕೊಂದರು. 2000ದಲ್ಲಿ ಮಾಸ್ಕೊ ಚರ್ಚು ಆ ಕುಟುಂಬವನ್ನು ಸಂತರ ಪಟ್ಟಿಗೆ ಸೇರಿಸುವಾಗ ಹುತಾತ್ಮರೆಂದು ಕರೆಯಲಿಲ್ಲ. ಧರ್ಮ ಬಿಡು ಎಂದು ಕೇಳಿ ಯಾರೂ ಅವರನ್ನು ಕೊಂದಿರಲಿಲ್ಲ. ಆದರೆ ಬಂದ ಸಾವನ್ನು ಅವರು ಭಕ್ತಿಯಿಂದ ಎದುರಿಸಿದರು. ಅಂಥವರಿಗೆಂದೇ ಸಾವಿರ ವರ್ಷದ ಹಿಂದೆ, ಬೋರಿಸ್ ಮತ್ತು ಗ್ಲೆಬ್ ಎಂಬ ಕೊಲೆಯಾದ ರಾಜಕುಮಾರರ ಕಾಲದಿಂದ, ಅಲ್ಲಿ ಬೇರೆ ಸಾಲೊಂದು ಇತ್ತು. ನಿಕೊಲಸ್‌ನ ಪವಿತ್ರಚಿತ್ರದಲ್ಲಿ ಬಂದೂಕು ಕಾಣುವುದಿಲ್ಲ. ಹೆಂಡತಿ, ನಾಲ್ವರು ಹೆಣ್ಣುಮಕ್ಕಳು, ಒಬ್ಬ ಮಗನ ಜೊತೆ ಪ್ರಭೆ ಹೊತ್ತು ನಿಂತಿದ್ದಾನೆ.

ಸಂಭಾಜಿಯ ಚಿತ್ರ ನಡೆದ ದಾರಿ ಇದಲ್ಲ. ಹಳೆಯ ಅಚ್ಚಿನ ಚಿತ್ರಗಳಲ್ಲಿ ಅವನು ಸಿಂಹಾಸನದ ಮೇಲೆ ಅಥವಾ ಕುದುರೆಯ ಮೇಲೆ ಇದ್ದ ರಾಜ. ಈಗ ಫ್ರೇಮಿನ ಅಂಗಡಿಯಲ್ಲಿ, ಫ್ಲೆಕ್ಸಿನಲ್ಲಿ, ಗಾಡಿಗಳ ಹಿಂದಿನ ಗಾಜಿನ ಮೇಲೆ ಹೆಚ್ಚಾಗಿ ಕಾಣುವುದು ಸರಪಳಿ ಬಿಗಿದು ಎರಡು ಕಂಬಗಳ ನಡುವೆ ಕಟ್ಟಿದ, ಮೈತುಂಬ ಗಾಯಗಳ ಸಂಭಾಜಿ. 2025ರ ಫೆಬ್ರವರಿಯಲ್ಲಿ ಅವನ ಮೇಲಿನ ಛಾವಾ ಸಿನಿಮಾ ತೆರೆಗೆ ಬಂದ ಮೇಲೆ ಆ ಭಂಗಿ ಎಲ್ಲರ ಫೋನಿಗೂ ಬಂತು. ಎದುರಿಗೆ ಕೊಲ್ಲಿಸಿದವನು ಇದ್ದಾನೋ ಇಲ್ಲವೋ, ಚಿತ್ರ ನೋಡಿದ ಕೂಡಲೇ ಕಣ್ಣು ಅವನನ್ನು ಹುಡುಕುತ್ತದೆ. ಅಲ್ಲಿಂದ ಹುಡುಕಾಟ ಇಂದಿನ ಬೀದಿಗೆ ಇಳಿಯುವುದು ಸುಲಭ. ಆ ಸಿನಿಮಾ ಬಂದ ಮರುತಿಂಗಳು ನಾಗಪುರದಲ್ಲಿ ಔರಂಗಜೇಬನ ಗೋರಿಯ ವಿಷಯಕ್ಕೆ ಗಲಭೆಯಾಗಿ ಕರ್ಫ್ಯೂ ಹಾಕಬೇಕಾಯಿತು. ಗಾಯವನ್ನು ಬರೆಯಬಾರದು ಎಂದು ನಾನು ಹೇಳುತ್ತಿಲ್ಲ. ಆ ಗಾಯಗಳು ನಿಜ. ಗಾಯ ಒಂದೇ ಉಳಿದರೆ ಆ ಮನುಷ್ಯನೇ ಚಿತ್ರದಿಂದ ಕಳೆದುಹೋಗುತ್ತಾನೆ ಎಂಬ ಸಂಕಟ ನನ್ನದು.

ಈ ಸೀಮೆಯ ಜನ ತಮ್ಮಷ್ಟಕ್ಕೆ ತಾವು ನೆನಪು ಕಟ್ಟಿಕೊಂಡಾಗ ಹೇಗೆ ಕಟ್ಟಿಕೊಂಡರು ಎಂಬುದನ್ನೂ ನೋಡಬೇಕು. ಹಳಿಯಾಳದ ಗಡಿಗೆ ಹತ್ತಿರದ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನು ರಾಜನಲ್ಲ, ಕಿತ್ತೂರಿನ ಗಾದಿಗೆ ದತ್ತುಮಗ ಶಿವಲಿಂಗಪ್ಪನನ್ನು ಕೂಡಿಸಲು ಹೋರಾಡಿ, ಅಳ್ನಾವರ ಕಡೆಯ ಡೋರಿ ಬೆಣಚಿ ಹಳ್ಳದಲ್ಲಿ ನಮ್ಮವರದೇ ದ್ರೋಹದಿಂದ ಸಿಕ್ಕಿಬಿದ್ದವನು. ಅವನು ಬದುಕಿದ್ದಾಗ ಬರೆದ ಚಿತ್ರ ಒಂದೂ ಇಲ್ಲ. ಇಂದು ನಾವು ಕಾಣುವ ಗಿರಿಜಾಮೀಸೆಯ, ಖಡ್ಗ ಎತ್ತಿದ ರಾಯಣ್ಣ ತಲೆಮಾರುಗಳಿಂದ ಬಂದ ಲಾವಣಿ ಕೇಳಿದ ಕಲಾವಿದರು ಕಂಡುಕೊಂಡ ಮುಖ. ಚಿತ್ರ ಬರುವುದಕ್ಕೆ ಎಷ್ಟೋ ಮೊದಲು ಜನ ನಂದಗಡದ ಆಲದ ಮರಕ್ಕೆ ಕೈಮುಗಿದರು. ಮಕ್ಕಳಾಗದ ಹೆಣ್ಣುಮಕ್ಕಳು ಅಲ್ಲಿ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಎಂದು. ನೇಣಿನ ಜಾಗದಲ್ಲಿ ತೊಟ್ಟಿಲು! ಇಷ್ಟು ದೊಡ್ಡ ಕಲ್ಪನೆ ಯಾವ ಆಸ್ಥಾನ ಚಿತ್ರಗಾರನಿಗೂ ಹೊಳೆದಿರಲಿಕ್ಕಿಲ್ಲ.

ನಿಜವಾಗಿ ಗಲ್ಲಿಗೇರಿದ ಅರಸನೂ ಈ ಕಡೆ ಇದ್ದಾನೆ. ನರಗುಂದದ ಬಾಬಾಸಾಹೇಬ, ಭಾಸ್ಕರರಾವ್ ಭಾವೆ. ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪದಿದ್ದಾಗ ಬಂಡೆದ್ದ ಅವನನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ನೇಣಿಗೆ ಹಾಕಿದರು. ಅವನಿಗೆ ಪ್ರಭೆ ಬರೆದು ಪೂಜೆಗಿಟ್ಟ ಚಿತ್ರ ನಮ್ಮ ಗೋಡೆಗಳಲ್ಲಿ ಕಾಣುವುದಿಲ್ಲ. ಅದೇ ಹೊತ್ತಿಗೆ ಸೂಪಾ ಕಾಡಿನಲ್ಲಿ ಫಡ್ನಿಸ್ ಸಹೋದರರ ಜೊತೆ ಬಂಡೆದ್ದ ಸಿದ್ದಿ ಬಸ್ತ್ಯಾಂವನಿಗಂತೂ ಕಲ್ಪನೆಯ ಮುಖವೂ ಸಿಕ್ಕಿಲ್ಲ. ಅವನ ಹೆಸರಿನ ಸಂತ ಸೆಬಾಸ್ಟಿಯನ್ ಮೈಗೆ ಬಾಣಗಳು ನೆಟ್ಟ ಹಾಗೆಯೇ ಕ್ರೈಸ್ತರ ಪೀಠಗಳಲ್ಲಿ ನಿಂತಿದ್ದಾನೆ. ಆ ಹೆಸರು ಹೊತ್ತ ಸಿದ್ದಿ ವೀರನಿಗೆ ಒಂದು ಬಾಣದ ಗುರುತೂ ಇಲ್ಲ. ಹಳಿಯಾಳ, ಯಲ್ಲಾಪುರದ ಸಿದ್ದಿ ಹುಡುಗರಲ್ಲಿ ಕುಂಚ ಹಿಡಿಯಬಲ್ಲವರು ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳಲಿ ಎಂದು ನನ್ನ ಆಸೆ.

ಮಾಘದ ಹುಣ್ಣಿಮೆ ಹತ್ತಿರ ಬಂದಾಗ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಹಳಿಯಾಳ, ದಾಂಡೇಲಿ ದಾಟಿ ಜೋಯಿಡಾದ ಉಳವಿಗೆ ಹೊರಡುತ್ತವೆ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಸವಾರಿಗೆ ಕಟ್ಟಿದ ಚಿತ್ರಪಟ. ಆ ದಾರಿಯೇ ಒಂದು ಹತ್ಯಾಕಾಂಡದ ನೆನಪು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಮಂತ್ರಿ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ದೊರೆ ಬಿಜ್ಜಳ ಅವರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟ ಎಂದು ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಶಿಕ್ಷೆ. ಆಮೇಲೆ ದೊರೆಯೂ ಕೊಲೆಯಾದ. ಬೆನ್ನಟ್ಟಿದ ಸೈನ್ಯವನ್ನು ತಡೆಯುತ್ತ, ವಚನದ ಕಟ್ಟುಗಳನ್ನು ಹೊತ್ತು ಶರಣರು ಈ ಕಾಡಿಗೆ ಬಂದರು. ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ ಮಡಿದರು, ಚನ್ನಬಸವಣ್ಣನವರು ಉಳವಿಯಲ್ಲಿ ಐಕ್ಯರಾದರು. ಇಲ್ಲಿ ಧರ್ಮಕ್ಕೆ ಸತ್ತವನು ರಾಜನಲ್ಲ, ರಾಜನ ಕೈಯಲ್ಲಿ ಸತ್ತ ಸಮಗಾರ ಮತ್ತು ಮಂತ್ರಿ. ಕೊಲ್ಲಿಸಿದ ದೊರೆ, ಅವನೂ ಕೊಲೆಯಾದವನೇ, ಯಾರ ಪಟದಲ್ಲೂ ಪೂಜೆಗೊಳ್ಳಲಿಲ್ಲ.

ಹರಳಯ್ಯನವರ ಪಟ ನೋಡಿದ್ದೀರಾ? ಎಳೆಹೂಟೆಯನ್ನು ಅಲ್ಲಿ ಬರೆಯುವುದಿಲ್ಲ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಹೊಲಿದ ಪಾದುಕೆಗಳನ್ನು ಬಸವಣ್ಣನವರಿಗೆ ಅರ್ಪಿಸುತ್ತಿದ್ದಾರೆ. ಬಸವಣ್ಣನವರು ಅದನ್ನು ಕಾಲಿಗೆ ಹಾಕಿಕೊಳ್ಳದೆ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಎಂಟುನೂರು ವರ್ಷ ಅವಮಾನ ಉಂಡ ಸಮುದಾಯಕ್ಕೆ ಸಿಟ್ಟಿನ ಚಿತ್ರ ಬರೆಸಲು ಬೇಕಾದಷ್ಟು ಕಾರಣವಿತ್ತು. ಅವರು ಆರಿಸಿಕೊಂಡದ್ದು ಕೊಟ್ಟ ಗಳಿಗೆಯನ್ನು.

ಸಂಭಾಜಿಗೂ ಅಂಥ ಗಳಿಗೆಗಳು ಇದ್ದವು. ಅವನು ಸಂಸ್ಕೃತ ಬಲ್ಲ ಕವಿ, ಬುಧಭೂಷಣ ಎಂಬ ಗ್ರಂಥ ಬರೆದವನು. ಕೊನೆಯ ದಿನದವರೆಗೂ ಕೈಬಿಡದೆ ಜೊ‌ತೆಗೆ ಸತ್ತ ಕವಿ ಕಲಶನ ಪಕ್ಕ ಕುಳಿತು ಓಲೆ ಓದುತ್ತಿರುವ ಸಂಭಾಜಿಯನ್ನು ಬರೆದ ಪಟ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಇನ್ನೊಂದು ಚಿತ್ರ ಕನ್ನಡದವರೇ ಬರೆಯಬೇಕಾದದ್ದು. ಸಂಭಾಜಿಯನ್ನು ಕೊಂದ ಮೇಲೆ ಮೊಗಲರು ಅವನ ತಮ್ಮ ರಾಜಾರಾಮನ ಬೆನ್ನು ಹತ್ತಿದರು. ಅವನು ವೇಷ ಮರೆಸಿಕೊಂಡು ಪನ್ಹಾಳದಿಂದ ದಕ್ಷಿಣಕ್ಕೆ ಓಡಿ ಬಂದ. ಆಸರೆ ಕೊಟ್ಟರೆ ಔರಂಗಜೇಬನ ಸೈನ್ಯ ತನ್ನ ಮೇಲೆ ಬರುತ್ತದೆ ಎಂದು ಕೆಳದಿಯ ರಾಣಿ ಚೆನ್ನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಗಿಲು ತೆರೆದಳು. ಸೈನ್ಯ ಬಂದೇ ಬಂತು. ಮಲೆನಾಡಿನ ಮಳೆ, ಕಾಡುಗಳ ನಡುವೆ ಅವಳ ಜನ ಅದನ್ನು ಎದುರಿಸಿ ನಿಂತರು. ಅಷ್ಟರಲ್ಲಿ ರಾಜಾರಾಮ ಘಟ್ಟದ ದಾರಿಗಳನ್ನು ಹಿಡಿದು ಮುಂದೆ ಸಾಗಿದ್ದ. ಅದೇ 1689ರ ನವೆಂಬರಿನಲ್ಲಿ ಅವನು ತಮಿಳುನಾಡಿನ ಜಿಂಜಿ ಕೋಟೆ ಸೇರಿದ, ಮರಾಠರ ರಾಜ್ಯ ಅಲ್ಲಿಂದ ಮುಂದುವರಿಯಿತು. ಹಳಿಯಾಳದ ಪಡಸಾಲೆಯಲ್ಲಿ ಸಂಭಾಜಿಯ ಪಟದ ಪಕ್ಕ ಚೆನ್ನಮ್ಮನ ಈ ಬಾಗಿಲಿಗೆ ಬೇಕಾದಷ್ಟು ಜಾಗವಿದೆ.